ಮುಂದಿನ ದೀಪದ ಬಲ್ಬು

ಮೋಟಾರು ಸೈಕಲ್ಲು ಇಲ್ಲದ ಮನೆ ನಮ್ಮ ಸಂಘದ ಬಂಧುಗಳಲ್ಲಿ ಈಗ ಅಪರೂಪ. ಆಫೀಸಿಗೂ ಅದೇ, ಪೇಟೆಗೂ ಅದೇ. ಹಬ್ಬದ ದಿನಗಳಲ್ಲಿ ಊರ ಬಸ್ಸಿಗೆ ಟಿಕೇಟು ಸಿಕ್ಕದಾಗ ಅದೇ ನಮ್ಮ ಪುಷ್ಪಕ ವಿಮಾನ. ಅದಕ್ಕೆ ಪೆಟ್ರೋಲು ಹಾಕಿಸುತ್ತೇವೆ, ಚಕ್ರಕ್ಕೆ ಗಾಳಿ ತುಂಬಿಸುತ್ತೇವೆ, ಭಾನುವಾರ ಒರೆಸುತ್ತೇವೆ. ಮುಂದಿನ ದೀಪದೊಳಗಿನ ಬಲ್ಬನ್ನು ಮಾತ್ರ ಅದು ಆರಿಹೋಗುವ ತನಕ ಯಾರೂ ನೆನೆಯುವುದಿಲ್ಲ. ನಾವೂ ನೆನೆದವರಲ್ಲ. ನೆನೆಯುವ ಪ್ರಸಂಗ ಬಂದದ್ದು 2022ರ ಗಣೇಶ ಚೌತಿಯ ಹಿಂದಿನ ರಾತ್ರಿ, ಖಂಬಾಟಕಿ ಘಾಟಿನಲ್ಲಿ.

ಮಗಳನ್ನು ಅಜ್ಜಿಯ ಜೊತೆ ಮೊದಲೇ ನಿಪ್ಪಾಣಿಗೆ ಕಳುಹಿಸಿದ್ದಾಗಿತ್ತು. ಸಂಜೆ ಆಫೀಸು ಮುಗಿಸಿ, ಬೆನ್ನ ಹಿಂದೆ ಶ್ರೀಮತಿಯವರನ್ನೂ ಅವರ ಮಡಿಲಲ್ಲಿ ಮೋದಕದ ಡಬ್ಬಿಯನ್ನೂ ಇಟ್ಟುಕೊಂಡು ಪುಣೆಯಿಂದ ಹೊರಟೆವು. ಶಿರವಳ ದಾಟುವಾಗಲೇ ಕತ್ತಲಾಯಿತು, ಮಳೆ ಜಿನುಗುತ್ತಿತ್ತು. ಘಾಟಿನ ಏರು ಮುಗಿದು ಇಳಿಜಾರು ಹಿಡಿಯುವ ಹೊತ್ತಿಗೆ ಮುಂದಿನ ಬೆಳಕು ಒಮ್ಮೆ ಮಿನುಗಿ ಆರಿಬಿಟ್ಟಿತು. ಹಿಂದೆ ಲಾರಿಗಳ ಸಾಲು. ಎಡಕ್ಕೆ ಕಟ್ಟೆ ಎಲ್ಲಿ, ರಸ್ತೆ ಎಲ್ಲಿ ಎಂಬುದು ಕಾಣದು.

"ಅಲ್ರೀ, ಲೈಟ್ ಯಾಕ ಬಂದ್ ಮಾಡೀರಿ?" ಎಂದರು ಶ್ರೀಮತಿಯವರು.

ನಾವು ಬಂದ್ ಮಾಡಿದವರಲ್ಲವೆಂದು ತಿಳಿದ ಮೇಲೆ ಅವರು ಬೇರೆ ಮಾತಾಡಲಿಲ್ಲ. ಮೋಬೈಲಿನ ಬ್ಯಾಟರಿ ಬೆಳಕನ್ನು ನಮ್ಮ ಭುಜದ ಮೇಲಿಂದ ಹಿಡಿದು ಕೂತರು. ಅದರಿಂದ ನಮ್ಮದೇ ಮುಂಚಕ್ರ ಕಂಡಿತೇ ಹೊರತು ದಾರಿಯಲ್ಲ. ಒಂದು ಟೆಂಪೋದ ಹಿಂದಿನ ಕೆಂಪು ದೀಪವನ್ನೇ ಗುರಿಯಾಗಿಟ್ಟುಕೊಂಡು ಸುರೂರ್ ಫಾಟಾದವರೆಗೆ ಹೇಗೆ ಇಳಿದೆವೋ ಆ ವಿಘ್ನೇಶ್ವರನೇ ಬಲ್ಲ. ನಡುವೆ ಒಂದು ಲಾರಿ ನಮ್ಮನ್ನು ಕಾಣದೆ ಬದಿಗೆ ಒತ್ತಿಕೊಂಡು ಬಂದು, ಕೊನೆಯ ಗಳಿಗೆಯಲ್ಲಿ ಹಾರ್ನು ಬಾರಿಸಿ ಸರಿಯಿತು. ಶ್ರೀಮತಿಯವರ ಕೈ ನಮ್ಮ ಅಂಗಿಯನ್ನು ಹಿಡಿದದ್ದು ಕೆಳಗಿಳಿಯುವ ತನಕ ಸಡಿಲಾಗಲಿಲ್ಲ.

ಫಾಟಾದಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಗ್ಯಾರೇಜಿನ ಹುಡುಗ ಗಾಡಿ ಚಾಲೂ ಮಾಡಿ ನೋಡಿದ. ಎಡಗೈಯ ಹೆಬ್ಬೆರಳ ಬಳಿಯ ಡಿಪ್ಪರ್ ಗುಂಡಿಯನ್ನು ಒತ್ತಿದ. ಎದುರಿನ ಗೋಡೆಯೆಲ್ಲ ಬೆಳಗಿತು! "ಸಾಹೇಬ, ಮೇಲಿನ ದೀಪ ಇದೆಯಲ್ಲ" ಎಂದು ಮರಾಠಿಯಲ್ಲಿ ಹೇಳಿ ನಕ್ಕ. ಬಿ.ಎ. ಪಾಸಾದ ನಮಗೆ ಘಾಟಿನ ಮೇಲೆ ಅಷ್ಟು ಹೊಳೆದಿರಲಿಲ್ಲ. ಶ್ರೀಮತಿಯವರು ನಮ್ಮ ಮುಖವನ್ನು ಒಮ್ಮೆ ನೋಡಿದರು. ಆ ನೋಟದ ವರ್ಣನೆ ಇಲ್ಲಿ ಬೇಡ.

ಸಂಗತಿ ಇಷ್ಟು: ಇಂಥ ಬಲ್ಬಿನೊಳಗೆ ಎರಡು ತಂತಿಗಳುಂಟು. ಒಂದು ಹತ್ತಿರದ ದಾರಿಗೆ ಕೆಳಮುಖವಾಗಿ ಬೆಳಕು ಕೊಡುವುದು, ಇನ್ನೊಂದು ದೂರಕ್ಕೆ. ಒಂದು ಸುಟ್ಟರೆ ಇನ್ನೊಂದು ಸಾಮಾನ್ಯವಾಗಿ ಉಳಿದಿರುತ್ತದೆ. ಆದಕಾರಣ ದಾರಿಯಲ್ಲಿ ದೀಪ ಆರಿದರೆ ಮೊದಲು ಡಿಪ್ಪರ್ ಒತ್ತಿ ನೋಡತಕ್ಕದ್ದು. ಎರಡೂ ಹತ್ತದೆ ಹಾರ್ನೂ ಮೂಕವಾಗಿದ್ದರೆ ದೋಷ ಬಲ್ಬಿನದಲ್ಲ. ಫ್ಯೂಸನ್ನೋ ಬ್ಯಾಟರಿಯನ್ನೋ ನೋಡಬೇಕು. ಮೇಲಿನ ದೀಪದಿಂದಲೇ ಮುಂದೆ ಸಾಗುವುದಾದರೆ ಎದುರು ಬರುವವರ ಕಣ್ಣು ಕುಕ್ಕದಂತೆ ದೀಪದ ಬುರುಡೆಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿಕೊಳ್ಳುವುದು ಸೌಜನ್ಯ. ಆ ಹುಡುಗ ಹಾಗೆಯೇ ಬಾಗಿಸಿಕೊಟ್ಟ. ನಮ್ಮ ಗಾಡಿಯ ಬಲ್ಬು ಅವನ ಬಳಿ ಇರಲಿಲ್ಲ.

ಆರುವುದು ಕೆಳಗಿನ ದೀಪವೇ ಏಕೆ? ನಮ್ಮ ದೇಶದಲ್ಲಿ 2017ರ ಏಪ್ರಿಲ್ 1ರಿಂದ ಬಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಮುಂದಿನ ದೀಪ ತಾನಾಗಿ ಹತ್ತುತ್ತದೆ. ಆರಿಸುವ ಗುಂಡಿಯೇ ಇಲ್ಲ. ಎದುರಿನವರಿಗೆ ನಾವು ಹಗಲಲ್ಲೂ ಕಾಣಿಸಲಿ ಎಂಬುದು ಉದ್ದೇಶ, ಒಳ್ಳೆಯದೇ. ಆದರೆ ಕೆಳಗಿನ ತಂತಿ ಹಗಲೆಲ್ಲ ಸವೆಯುತ್ತದೆ. ನಮ್ಮದು 2018ರ ಗಾಡಿ. ಗುಮಾಸ್ತರಲ್ಲವೇ, ಲೆಕ್ಕ ಹಾಕಿ ನೋಡಿದೆವು: ಆಫೀಸು, ಪೇಟೆ ಸೇರಿ ದಿನಕ್ಕೆ 50 ನಿಮಿಷ, ವರ್ಷಕ್ಕೆ 270 ದಿನ, ಅಂದರೆ 225 ತಾಸು. ನಾಲ್ಕು ವರ್ಷಕ್ಕೆ 900. 2020ರಲ್ಲಿ ಮನೆಯಲ್ಲೇ ಕೂತ ತಿಂಗಳುಗಳನ್ನು ಕಳೆದರೂ, ಕೆಲವು ನೂರು ತಾಸು ಬಾಳುವ ಬಲ್ಬಿನಿಂದ ಅಷ್ಟು ಸೇವೆ ಪಡೆದದ್ದು ಹೆಚ್ಚೇ ಆಯಿತು. ಸರಕಾರಿ ನೌಕರನಿಗಾದರೂ ನಿವೃತ್ತಿಯ ತಾರೀಖು ಮೊದಲೇ ಗೊತ್ತಿರುತ್ತದೆ!

ಬಲ್ಬು ಮುನ್ಸೂಚನೆ ಕೊಡುವುದೂ ಉಂಟು. ಗಾಜಿನ ಒಳಮೈ ಕಪ್ಪಾಗುವುದು, ತಂತಿ ಜೋತುಬೀಳುವುದು, ಕುಳಿಯಲ್ಲಿ ಕುಲುಕಿದಾಗ ಬೆಳಕು ಮಿಣುಕುವುದು ಇವೆಲ್ಲ ಲಕ್ಷಣಗಳು. ಹ್ಯಾಲೋಜನ್ ಬಲ್ಬಿನಲ್ಲಿ ಕಾದ ತಂತಿಯಿಂದ ಆವಿಯಾದ ಲೋಹ ಗಾಜಿಗೆ ಅಂಟದೆ ಮರಳಿ ತಂತಿಯ ಕಡೆಗೇ ಹೋಗುವ ಏರ್ಪಾಡಿದೆ. ಆದ್ದರಿಂದ ಗಾಜು ಕಪ್ಪಾಯಿತೆಂದರೆ ಅದರ ಕಾಲ ಮುಗಿಯಿತೆಂದೇ ತಿಳಿಯಬೇಕು. ಬೆಳಕು ಮಾತ್ರ ಮಂದವಾಗಿದ್ದರೆ ಬಲ್ಬಿಗೆ ಕಾಸು ಹಾಕುವ ಮುಂಚೆ ಮುಂದಿನ ಗಾಜು ಮಾಸಿದೆಯೇ, ವೈರಿನ ಜೋಡಣೆ ಸಡಿಲವಾಗಿದೆಯೇ, ಹೋಲ್ಡರ್ ಸುಟ್ಟಿದೆಯೇ ನೋಡುವುದು ಲೇಸು. ನಮ್ಮ ಸೋದರಮಾವನವರು ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿಯ 6 ವೋಲ್ಟಿನ ದೀಪದಲ್ಲಿ ಎಷ್ಟೋ ವರ್ಷ ರಾತ್ರಿ ಸಂಚಾರ ಮಾಡಿದವರು. "ದೀಪ ಐತೋ ಇಲ್ಲೋ ನೋಡಾಕ ಇನ್ನೊಂದು ದೀಪ ಬೇಕಿತ್ತು" ಎಂದು ಈಗಲೂ ಹೇಳುತ್ತಾರೆ.

ಹೊಸ ಬಲ್ಬು ಹಾಕುವುದಕ್ಕೆ ಒಂದು ಸ್ಕ್ರೂ ಡ್ರೈವರ್ ಸಾಕು. ಆದರೆ ಬಿಚ್ಚುವ ಮುನ್ನ ಒಂದು ಕೆಲಸವುಂಟು. ರಾತ್ರಿ ಗಾಡಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಮೇಲೆ ಒಬ್ಬರು ಕುಳಿತು, ಕೆಳಗಿನ ಬೆಳಕಿನ ಮೇಲಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆಯತಕ್ಕದ್ದು. ಅದು ಹತ್ತದಿದ್ದರೆ ಮೇಲಿನ ಬೆಳಕಿನ ನಡುವನ್ನಾದರೂ ಗುರುತು ಮಾಡಬೇಕು. ಕೆಲಸ ಮುಗಿದ ಮೇಲೆ ಬೆಳಕು ಅದೇ ಗುರುತಿಗೆ ಬರಬೇಕು. (ನಮ್ಮ ಸೊಸೈಟಿಯ ವಾಚ್‌ಮನ್ ಇದನ್ನು ಕಂಡು ಗೋಡೆ ಹೊಲಸು ಮಾಡುತ್ತೇವೆಂದು ದೂರು ಕೊಟ್ಟದ್ದು ಬೇರೆ ಕಥೆ.)

ಎಂಜಿನ್ ಆರಿಸಿ, ಬಲ್ಬು ಪೂರ್ತಿ ತಣಿಯಲಿ. ಬುರುಡೆಯ ಸ್ಕ್ರೂ ಬಿಚ್ಚಿದರೆ ಹಿಂದೆ ಮೂರು ಕಾಲಿನ ಜೋಡಣೆ ಕಾಣುವುದು. ವೈರನ್ನಲ್ಲ, ಜೋಡಣೆಯನ್ನೇ ಹಿಡಿದು ನೇರವಾಗಿ ಎಳೆಯಬೇಕು. ಆಮೇಲೆ ರಬ್ಬರಿನ ಟೊಪ್ಪಿಗೆ, ಅದರೊಳಗೆ ತಂತಿಯ ಸ್ಪ್ರಿಂಗು. ಸ್ಪ್ರಿಂಗನ್ನು ಒತ್ತಿ ಬದಿಗೆ ಸರಿಸಿದರೆ ಬಲ್ಬು ಕೈಗೆ ಬರುತ್ತದೆ. ಹೊಸದರ ಗಾಜನ್ನು ಬೆರಳಿನಿಂದ ಮುಟ್ಟಲೇಬಾರದು. ಬೆರಳಿನ ಜಿಡ್ಡು ಗಾಜಿನ ಮೇಲೆ ಉಳಿದರೆ ಆ ಜಾಗ ಮಿತಿಮೀರಿ ಕಾದು ಬಲ್ಬು ಬೇಗ ಕೆಡುತ್ತದೆ. ಲೋಹದ ಬುಡವನ್ನೇ ಹಿಡಿಯಬೇಕು. ಮುಟ್ಟಿದ್ದಾದರೆ ಸ್ಪಿರಿಟ್ಟಿನಲ್ಲಿ ನೆನೆಸಿದ ಶುಭ್ರ ಬಟ್ಟೆಯಿಂದ ಒರೆಸಬೇಕು. ಬುಡದ ಮೂರು ಕಿವಿಗಳು ಒಂದೇ ರೀತಿಯಲ್ಲಿ ಕೂಡುವಂತಿವೆ. ಕೂಡದಿದ್ದರೆ ಬಲ ಪ್ರಯೋಗ ಬೇಡ, ತಿರುಗಿಸಿ ನೋಡಬೇಕು. ರಬ್ಬರಿನ ಟೊಪ್ಪಿಗೆ ಬಿಗಿಯಾಗಿ ಕೂಡದಿದ್ದರೆ ಮಳೆಗಾಲದಲ್ಲಿ ಒಳಗೆ ನೀರಾಡುತ್ತದೆ.

ಅಂಗಡಿಯವರು "ಇದು ಇನ್ನೂ ಜೋರು" ಎಂದು ಹೆಚ್ಚು ವಾಟಿನ ಬಲ್ಬು ತೋರಿಸುವುದುಂಟು. ನಮ್ಮಂಥ ಗಾಡಿಗಳಿಗೆ 12 ವೋಲ್ಟು, 35/35 ವಾಟು ಎಂದು ಹಳೆಯ ಬಲ್ಬಿನ ಬುಡದ ಮೇಲೇ ಬರೆದಿರುತ್ತದೆ, ಅದನ್ನೇ ಕೇಳಬೇಕು. 60/55 ಹಾಕಿದರೆ ವೈರು, ಹೋಲ್ಡರು ಕಾಯುತ್ತವೆ. ಬಲ್ಬಿನ ಜಾಗದಲ್ಲಿ ಕೂಡಿಸುವ ಎಲ್.ಇ.ಡಿ.ಯ ಮೋಹವೂ ನಮಗಿಲ್ಲ: ತಂತಿ ಇರಬೇಕಾದ ಜಾಗಕ್ಕೆ ಹೊಂದಿಸಿ ಮಾಡಿದ ಕನ್ನಡಿಯೊಳಗೆ ಅದರ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಾರ್ಖಾನೆಯಿಂದಲೇ ಎಲ್.ಇ.ಡಿ. ದೀಪ ಬಂದ ಗಾಡಿಗಳ ಮಾತು ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ಬದಲಿಸುವ ಬಲ್ಬೇ ಇರುವುದಿಲ್ಲ.

ಹೊಸ ಬಲ್ಬುಗಳು ಮೇಲಿಂದ ಮೇಲೆ ಸುಡುತ್ತಿದ್ದರೆ ಅಂಗಡಿಯವನನ್ನು ಬೈಯುವ ಮುನ್ನ ಎಂಜಿನ್ ಓಡುವಾಗ ಬ್ಯಾಟರಿಯ ವೋಲ್ಟೇಜು ಅಳೆಸಬೇಕು. 14ರ ಆಸುಪಾಸಿನಲ್ಲಿದ್ದರೆ ಸರಿ. 15 ದಾಟಿದರೆ ರೆಗ್ಯುಲೇಟರಿನ ದೋಷ. ವೋಲ್ಟೇಜು ಶೇಕಡಾ 5ರಷ್ಟು ಏರಿದರೂ ಬಲ್ಬಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಈಗ ದೀಪಾವಳಿಯಾಗಲಿ, ಚೌತಿಯಾಗಲಿ, ಊರಿಗೆ ಹೊರಡುವ ಹಿಂದಿನ ಸಂಜೆ ನಮ್ಮಲ್ಲಿ ತಪಾಸಣೆ ಇರುತ್ತದೆ. ಒಂದು ಹೊಸ ಬಲ್ಬು ಹತ್ತಿಯಲ್ಲಿ ಸುತ್ತಿ ಹಳೆಯ ಕನ್ನಡಕದ ಡಬ್ಬಿಯಲ್ಲಿದೆ. ಡಬ್ಬಿ ಶ್ರೀಮತಿಯವರ ಚೀಲದಲ್ಲಿ. ಅವರು ಗೋಡೆಯ ಪಕ್ಕ ನಿಂತು "ಸಣ್ಣದು ಹಾಕ್ರಿ... ಈಗ ದೊಡ್ಡದು ಹಾಕ್ರಿ" ಎಂದು ಅಪ್ಪಣೆ ಮಾಡುತ್ತಾರೆ. ನಾವು ಡಿಪ್ಪರ್ ಒತ್ತುತ್ತೇವೆ. ಮಗಳು ಗೆರೆ ನೋಡಿ "ಬರೋಬ್ಬರಿ ಐತಿ" ಎಂದ ಮೇಲೆಯೇ ಚೀಲ ಕಟ್ಟುವುದು.