ಸಂಶೋಧನೆಗಳನ್ನು ಹುಡುಕಿದ್ದು ಯಾರು? ವೈದ್ಯಕೀಯ ಲೈಬ್ರರಿಯನ್‌ಗಳ ಕೆಲಸ

ಅಮೆರಿಕದಲ್ಲಿರುವ ಮಗ ಬರುವಾಗ ಟೈಲೆನಾಲ್ ಡಬ್ಬಿ ತಂದಿರುತ್ತಾನೆ. ಮನೆಯಲ್ಲಿ ಡೋಲೋ ಇದ್ದೇ ಇರುತ್ತದೆ. ಅಜ್ಜಿಗೆ ಜ್ವರ ಬಂದರೆ ಅದೊಂದು, ಇದೊಂದು. ಒಂದರ ಮೇಲೆ ಅಸಿಟಾಮಿನೋಫೆನ್ ಎಂದು ಬರೆದಿದೆ, ಇನ್ನೊಂದರ ಮೇಲೆ ಪ್ಯಾರಾಸಿಟಮಾಲ್ ಎಂದು. ಎರಡೂ ಒಂದೇ ಔಷಧ. ಲೆಕ್ಕ ತಪ್ಪಿ ದಿನದ ಮಿತಿ ಮೀರಿದರೆ ಪೆಟ್ಟು ಬೀಳುವುದು ಲಿವರ್‌ಗೆ.

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತ ವರ್ಷಗಳಲ್ಲಿ ಈ ಗೊಂದಲವನ್ನು ಎಷ್ಟೋ ಸಲ ನೋಡಿದ್ದೇನೆ. ಸಂಶೋಧಕರಿಗೂ ಇದೇ ಗೊಂದಲ ಆಗಬಹುದು, ಅದನ್ನು ತಪ್ಪಿಸಲೆಂದೇ ತರಬೇತಿ ಪಡೆದವರು ಇದ್ದಾರೆ ಎಂದು ತಿಳಿದದ್ದು ಮಾತ್ರ ಅನುವಾದದ ಕೆಲಸಕ್ಕೆ ಬಂದ ಮೇಲೆ. ಅವರು ವೈದ್ಯಕೀಯ ಲೈಬ್ರರಿಯನ್‌ಗಳು.

ಡಾಕ್ಟರು "ಈ ಚಿಕಿತ್ಸೆಗೆ ಒಳ್ಳೆಯ ಆಧಾರ ಇದೆ" ಎಂದಾಗ, ಆ ಆಧಾರ ಹಲವು ಸಲ ಒಂದು ಸಿಸ್ಟಮ್ಯಾಟಿಕ್ ರಿವ್ಯೂ ಆಗಿರುತ್ತದೆ. ಒಂದು ಪ್ರಶ್ನೆಯ ಬಗ್ಗೆ ಜಗತ್ತಿನಲ್ಲಿ ನಡೆದ ಅಧ್ಯಯನಗಳನ್ನು ಸಾಧ್ಯವಾದಷ್ಟೂ ಬಿಡದೆ ಹುಡುಕಿ, ಒಂದೊಂದರ ಗುಣಮಟ್ಟ ತೂಗಿ, ಒಟ್ಟಾರೆ ಅವು ಏನು ಹೇಳುತ್ತವೆ ಎಂದು ನೋಡುವ ಕೆಲಸ ಅದು. 1993ರಲ್ಲಿ ಶುರುವಾದ ಕಾಕ್ರೇನ್ ಸಂಸ್ಥೆ ಇದಕ್ಕೆ ಹೆಸರುವಾಸಿ. ತೂಗುವುದೆಲ್ಲ ಆಮೇಲಿನ ಮಾತು. ಹುಡುಕುವಾಗಲೇ ಕೈತಪ್ಪಿದ ಅಧ್ಯಯನವನ್ನು ಯಾರೂ ತೂಗಲಾರರು.

ಕೈತಪ್ಪಿದರೆ ಏನಾಗುತ್ತದೆ? 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಸ್ತಮಾ ಕುರಿತು ಒಂದು ಪ್ರಯೋಗ ನಡೆಯುತ್ತಿತ್ತು. ಆರೋಗ್ಯವಂತ ಸ್ವಯಂಸೇವಕರಿಗೆ ಹೆಕ್ಸಾಮೆಥೋನಿಯಂ ಎಂಬ ಔಷಧವನ್ನು ಉಸಿರಿನ ಮೂಲಕ ಕೊಡುತ್ತಿದ್ದರು. ಹಿಂದೆ ಬಿಪಿಗೆ ಕೊಡುತ್ತಿದ್ದು ಬಳಕೆ ತಪ್ಪಿಹೋಗಿದ್ದ ಔಷಧ ಅದು. ಅದನ್ನು ಸೇವಿಸಿದ 24 ವರ್ಷದ ಯುವತಿಯೊಬ್ಬರ ಶ್ವಾಸಕೋಶ ಕೆಟ್ಟಿತು. ಜೂನ್ 2ರಂದು ಅವರು ತೀರಿಕೊಂಡರು. ಪ್ರಯೋಗಕ್ಕೆ ಮೊದಲು ಸಂಶೋಧಕರು ಹಳೆಯ ಅಧ್ಯಯನಗಳನ್ನು ಹುಡುಕಿರಲಿಲ್ಲ ಎಂದಲ್ಲ. ಪಠ್ಯಪುಸ್ತಕ ನೋಡಿದ್ದರು, ಪಬ್‌ಮೆಡ್‌ನಲ್ಲಿ ಹುಡುಕಿದ್ದರು. ಆದರೆ ಆಗಿನ ಪಬ್‌ಮೆಡ್ 1966ರಿಂದೀಚಿನ ಬರಹಗಳನ್ನಷ್ಟೇ ತೋರಿಸುತ್ತಿತ್ತು. ಈ ಔಷಧ ತೆಗೆದುಕೊಂಡವರ ಶ್ವಾಸಕೋಶಕ್ಕೆ ಹಾನಿಯಾದ ವರದಿಗಳು ಬಂದಿದ್ದು 1950ರ ದಶಕದಲ್ಲಿ. ಲೈಬ್ರರಿ ಕಪಾಟಿನಲ್ಲಿದ್ದ ಹಳೆಯ ಮುದ್ರಿತ ಸೂಚಿಗಳನ್ನು ತೆರೆಯಬೇಕಿತ್ತು.

ಸಾವಿಗೆ ಹುಡುಕಾಟದ ಕೊರತೆಯೊಂದೇ ಕಾರಣ ಎನ್ನಲಾಗದು, ತನಿಖೆಯಲ್ಲಿ ಬೇರೆ ಲೋಪಗಳೂ ಕಂಡವು. ಆದರೂ ಹಳೆಯ ಸೂಚಿಗಳ ಪರಿಚಯವಿದ್ದ ಲೈಬ್ರರಿಯನ್ ಒಬ್ಬರನ್ನು ಕೇಳಿದ್ದರೆ ಎಂಬ ಪ್ರಶ್ನೆ ಅಂದಿನಿಂದ ವೈದ್ಯಕೀಯ ಲೈಬ್ರರಿಗಳಲ್ಲಿ ಉಳಿದುಕೊಂಡಿದೆ. ಅದು ಫಾರ್ಮಸಿಸ್ಟ್‌ಗಳಾದ ನಮ್ಮನ್ನೂ ಚುಚ್ಚಬೇಕಾದ ಪ್ರಶ್ನೆಯೇ.

ಲೈಬ್ರರಿಯನ್ ಮಾಡುವುದಾದರೂ ಏನು? ಮಕ್ಕಳ ಅಸ್ತಮಾವನ್ನೇ ತೆಗೆದುಕೊಳ್ಳಿ. ಉಬ್ಬಸ ಬಂದಾಗ ನೆಬ್ಯುಲೈಸರೇ ಬೇಕೋ, ಸ್ಪೇಸರ್ ಸಿಕ್ಕಿಸಿದ ಇನ್ಹೇಲರ್ ಸಾಕೋ ಎಂದು ತಂದೆತಾಯಿ ಕೇಳುತ್ತಾರೆ. ಇದನ್ನು ಹುಡುಕಲು ಹೋದರೆ ಮೊದಲ ಹೆಜ್ಜೆಯಲ್ಲೇ ತೊಡಕು. ನಮ್ಮ ಸಾಲ್ಬ್ಯುಟಮಾಲ್‌ಗೆ ಅಮೆರಿಕದವರು ಅಲ್ಬ್ಯುಟೆರಾಲ್ ಎನ್ನುತ್ತಾರೆ. ಸ್ಪೇಸರ್‌ಗೆ ಹೋಲ್ಡಿಂಗ್ ಚೇಂಬರ್ ಎಂಬ ಹೆಸರೂ ಇದೆ. ನೆಬ್ಯುಲೈಸರ್ ಎಂಬ ಪದವನ್ನು ಬ್ರಿಟನ್ನಿನವರು ಬರೆಯುವ ಕಾಗುಣಿತವೇ ಬೇರೆ, ಅಮೆರಿಕದವರದೇ ಬೇರೆ. ಲೈಬ್ರರಿಯನ್ ಈ ಹೆಸರುಗಳನ್ನೆಲ್ಲ ಒಂದು ಸರಣಿಯಾಗಿ ಹೆಣೆಯುತ್ತಾರೆ: ಇದು ಅಥವಾ ಅದು ಅಥವಾ ಇನ್ನೊಂದು, ಜೊತೆಗೆ ಅಸ್ತಮಾ. ಡೇಟಾಬೇಸ್ ತನ್ನದೇ ವಿಷಯಪಟ್ಟಿಯಲ್ಲಿ ಬಳಸುವ ಪದಗಳನ್ನೂ ಸೇರಿಸುತ್ತಾರೆ. ಪಬ್‌ಮೆಡ್ ಕೆಲವು ಸಮಾನ ಹೆಸರುಗಳನ್ನು ತಾನೇ ಗುರುತಿಸುತ್ತದೆ, ಎಲ್ಲ ಡೇಟಾಬೇಸ್‌ಗಳೂ ಅಷ್ಟು ಜಾಣವಲ್ಲ. ಹಾಗಾಗಿ ಎಂಬೇಸ್‌ಗೆ ಒಂದು ಸರಣಿ, ಕಾಕ್ರೇನ್‌ನ ಸಂಗ್ರಹಕ್ಕೆ ಇನ್ನೊಂದು. ಪ್ರಕಟವಾಗದೆ ಉಳಿದ ಅಧ್ಯಯನಗಳಿಗಾಗಿ ನಮ್ಮ ಸಿಟಿಆರ್‌ಐನಂತಹ ಪ್ರಯೋಗ ನೋಂದಣಿಗಳನ್ನೂ ನೋಡಬೇಕು. ಕೊನೆಗೆ ಇನ್ನೊಬ್ಬ ಲೈಬ್ರರಿಯನ್‌ನಿಂದ ಸರಣಿಯನ್ನು ತಪಾಸಣೆ ಮಾಡಿಸುವ ಪದ್ಧತಿಯೂ ಇದೆ. ಒಂದು ಪದ ಬಿಟ್ಟರೆ ಅಧ್ಯಯನ ತಪ್ಪುತ್ತದೆ, ಸಡಿಲ ಬಿಟ್ಟರೆ ಹತ್ತಾರು ಸಾವಿರ ಬರಹಗಳು ಬಂದು ಬೀಳುತ್ತವೆ. ವಾರಗಟ್ಟಲೆ ಹಿಡಿಯುವ ಕೆಲಸ. ಗೂಗಲ್‌ನಲ್ಲಿ ಎರಡು ನಿಮಿಷ ಹುಡುಕಿ ನಾವೂ ರಿಸರ್ಚ್ ಮಾಡಿದೆವು ಎನ್ನುವುದಕ್ಕೂ ಇದಕ್ಕೂ ಬಹಳ ದೂರ.

ಅಂದಹಾಗೆ, ಆ ಪ್ರಶ್ನೆಯ ಬಗ್ಗೆ ಕಾಕ್ರೇನ್ ರಿವ್ಯೂ ಇದೆ. ಆಸ್ಪತ್ರೆಗೆ ದಾಖಲಾಗುವುದನ್ನು ತಪ್ಪಿಸುವುದರಲ್ಲಿ ನೆಬ್ಯುಲೈಸರ್ ಸ್ಪೇಸರ್‌ಗಿಂತ ಮೇಲು ಎಂದು ಅದರಲ್ಲಿ ಕಂಡುಬಂದಿಲ್ಲ. ಆದರೆ ಪ್ರಾಣಕ್ಕೇ ಅಪಾಯವಾಗುವಂತಹ ತೀವ್ರ ಅಸ್ತಮಾ ಅದರ ವ್ಯಾಪ್ತಿಯಲ್ಲಿರಲಿಲ್ಲ. ಮಗುವಿನ ತುಟಿ ನೀಲಿಯಾಗಿದ್ದರೆ, ಮಾತಾಡಲೂ ಉಸಿರು ಸಾಲದಿದ್ದರೆ ಓದುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ನೀವು ಹುಡುಕಾಟದ ಪರಿಣತರಾಗಬೇಕಿಲ್ಲ. ಯಾರಾದರೂ ವಾಟ್ಸಾಪ್‌ನಲ್ಲಿ ಒಂದು ರಿವ್ಯೂ ಕಳಿಸಿದರೆ ಅದು ಯಾವ ತಿಂಗಳು, ಯಾವ ವರ್ಷದವರೆಗಿನ ಅಧ್ಯಯನಗಳನ್ನು ಹುಡುಕಿದೆ ಎಂದು ನೋಡಿ. ಕಾಕ್ರೇನ್‌ನ ಸರಳ ಭಾಷೆಯ ಸಾರಾಂಶಗಳು ಉಚಿತ, ಈ ವಿವರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಪ್ರಕಟವಾದ ವರ್ಷ ಹೊಸದಾಗಿದ್ದು ಹುಡುಕಾಟ ಐದಾರು ವರ್ಷ ಹಳೆಯದಾಗಿರುವುದೂ ಉಂಟು. ಒಂದೇ ಡೇಟಾಬೇಸ್ ನೋಡಿದ್ದಾರೆಂದರೆ ನನಗೆ ಅನುಮಾನ ಬರುತ್ತದೆ. ಲೇಖಕರ ಪಟ್ಟಿಯಲ್ಲೋ ಕೃತಜ್ಞತೆಯ ಸಾಲಿನಲ್ಲೋ ಲೈಬ್ರರಿಯನ್ ಅಥವಾ ಇನ್ಫರ್ಮೇಷನ್ ಸ್ಪೆಷಲಿಸ್ಟ್ ಕಂಡರೆ ಸ್ವಲ್ಪ ಸಮಾಧಾನ. ಲೈಬ್ರರಿಯನ್ ಸಹಲೇಖಕರಾಗಿರುವ ರಿವ್ಯೂಗಳಲ್ಲಿ ಹುಡುಕಾಟದ ವಿವರ ಉತ್ತಮವಾಗಿರುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. "ಆಧಾರ ಸಿಗಲಿಲ್ಲ" ಎಂಬ ಮಾತು ಬಂದರೆ, ಔಷಧ ಕೆಲಸ ಮಾಡುವುದಿಲ್ಲ ಎಂದು ಓದಿಕೊಂಡು ಮಾತ್ರೆ ನಿಲ್ಲಿಸಬೇಡಿ. ಅದಕ್ಕೆ ಸರಿಯಾದ ಅಧ್ಯಯನವೇ ನಡೆದಿಲ್ಲ ಎಂಬ ಅರ್ಥವೂ ಇರಬಹುದು. ಮೊದಲು ಡಾಕ್ಟರನ್ನು ಕೇಳಿ.

ಇನ್ನು ಮನೆಯ ಮಾತ್ರೆಗಳು. ಇವತ್ತೇ ಡಬ್ಬಿ ತೆಗೆದು ಪ್ರತಿ ಸ್ಟ್ರಿಪ್‌ನಲ್ಲೂ ಬ್ರ್ಯಾಂಡ್ ಹೆಸರಿನ ಜೊತೆಗಿರುವ ಔಷಧದ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ವಿದೇಶದಿಂದ ಬಂದ ಡಬ್ಬಿಯದನ್ನೂ ಬಿಡಬೇಡಿ. ಮುಂದಿನ ಸಲ ಮೆಡಿಕಲ್ ಶಾಪಿಗೆ ಹೋದಾಗ ಆ ಹಾಳೆಯನ್ನು ಫಾರ್ಮಸಿಸ್ಟ್ ಕೈಗೆ ಕೊಟ್ಟು, ಇದರಲ್ಲಿ ಒಂದೇ ಔಷಧ ಎರಡು ಹೆಸರಿನಲ್ಲಿದೆಯೇ ಎಂದು ಕೇಳಿ.