ವಿಜ್ಞಾನೇತರ ಪದವೀಧರರೂ ಆಪ್ಟೋಮೆಟ್ರಿ ವ್ಯಾಸಂಗವೂ

ಸಾಹಿತ್ಯವನ್ನೋ ಇತಿಹಾಸವನ್ನೋ ವಾಣಿಜ್ಯವನ್ನೋ ಓದಿ ಪದವಿ ಪಡೆದವರೊಬ್ಬರು, ಕೆಲವು ಕಾಲ ಬೇರೊಂದು ಉದ್ಯೋಗದಲ್ಲಿದ್ದು, ಆಮೇಲೆ ಕಣ್ಣಿನ ಪರೀಕ್ಷೆಯನ್ನೇ ತಮ್ಮ ವೃತ್ತಿಯನ್ನಾಗಿ ಮಾಡಿಕೊಳ್ಳಬೇಕೆಂದು ಸಂಕಲ್ಪಿಸಿದರೆ, ಅವರಿಗೆ ಮಾರ್ಗವುಂಟೆ ಎಂಬ ಪ್ರಶ್ನೆಗೆ ಉತ್ತರವು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ನಮ್ಮಲ್ಲಿ ಬಿ.ಆಪ್ಟಮ್ ಎಂಬುದು ಪಿಯುಸಿಯ ತರುವಾಯ, ಇಂಟರ್ನ್‌ಶಿಪ್ಪೂ ಸೇರಿ ನಾಲ್ಕು ವರ್ಷ ನಡೆಯತಕ್ಕ ಶಿಕ್ಷಣವಾಗಿರುವುದರಿಂದ, ಪಿಯುಸಿಯಲ್ಲಿ ವಿಜ್ಞಾನವನ್ನು ಆರಿಸಿಕೊಳ್ಳದವರಿಗೆ ಆ ಬಾಗಿಲು ಬಾಲ್ಯ ಕಳೆಯುವ ಮುನ್ನವೇ ಮುಚ್ಚಿಹೋಗಿರುತ್ತದೆ. ಅಮೆರಿಕದಲ್ಲಾದರೋ ಇದು ಪದವಿಯ ಮೇಲಿನ ನಾಲ್ಕು ವರ್ಷಗಳ ವೃತ್ತಿಶಿಕ್ಷಣ. ಪದವಿ ಇಂಥ ವಿಷಯದಲ್ಲೇ ಇರತಕ್ಕದ್ದೆಂಬ ನಿರ್ಬಂಧವಿಲ್ಲ. ಪ್ರವೇಶಕ್ಕೆ ಮುನ್ನ ಓದಿರಬೇಕಾದ ವಿಷಯಗಳ ಪಟ್ಟಿಯೊಂದಿದೆ. ಅಲ್ಲಿ ನೆಲೆಸಿರುವ ನಮ್ಮವರ ಪೈಕಿ ನಡುವಯಸ್ಸಿಗೆ ಮುಂಚೆ ದಾರಿ ಬದಲಿಸಬಯಸುವವರಿಗೆ ಆ ಪಟ್ಟಿಯ ಸ್ವರೂಪವನ್ನು ತಿಳಿಸುವುದು ಈ ಅಧ್ಯಾಯದ ಉದ್ದೇಶ.

ಆಪ್ಟೋಮೆಟ್ರಿಸ್ಟ್ ಎಂದರೆ ಶಸ್ತ್ರಚಿಕಿತ್ಸೆಯನ್ನು ನಡೆಸುವ ನೇತ್ರವೈದ್ಯರೂ ಅಲ್ಲ, ಚೀಟಿಯನ್ನು ನೋಡಿ ಕನ್ನಡಕವನ್ನು ಸಿದ್ಧಪಡಿಸಿಕೊಡುವ ಅಂಗಡಿಯವರೂ ಅಲ್ಲ. ದೃಷ್ಟಿದೋಷವನ್ನು ಅಳೆದು ಕನ್ನಡಕವನ್ನೂ ಕಾಂಟ್ಯಾಕ್ಟ್ ಲೆನ್ಸನ್ನೂ ವಿಧಿಸುವ, ಗ್ಲಾಕೋಮ, ಸಕ್ಕರೆ ಕಾಯಿಲೆಯಿಂದಾದ ಅಕ್ಷಿಪಟಲದ ಹಾನಿ ಮೊದಲಾದುವನ್ನು ಗುರುತಿಸುವ ಸ್ವತಂತ್ರ ವೃತ್ತಿಯವರು. ಈ ವೃತ್ತಿಯನ್ನು ಅಮೆರಿಕದಲ್ಲಿ ಮೊದಲು ಕಾನೂನಿನಿಂದ ಕ್ರಮಪಡಿಸಿದ ರಾಜ್ಯ ಮಿನ್ನೆಸೋಟ, 1901ರಲ್ಲಿ. ಅದರ ಪಿತಾಮಹನೆಂದು ಕೀರ್ತಿತನಾದ ನ್ಯೂಯಾರ್ಕಿನ ಚಾರ್ಲ್ಸ್ ಪ್ರೆಂಟಿಸ್ ಜರ್ಮನಿಯ ಕಾರ್ಲ್ಸ್‌ರೂಯೆಯಲ್ಲಿ ಕಲಿತದ್ದು ಯಂತ್ರಶಾಸ್ತ್ರವನ್ನು. ಮಸೂರದ ಮಧ್ಯಬಿಂದು ಕಣ್ಣುಪಾಪೆಯ ನೇರದಿಂದ ಎಷ್ಟು ಸೆಂಟಿಮೀಟರ್ ಸರಿದಿದೆಯೋ ಅದನ್ನು ಮಸೂರದ ಶಕ್ತಿಯಿಂದ ಗುಣಿಸಿದರೆ ಬೆಳಕು ಎಷ್ಟು ಬಾಗುತ್ತದೆಂಬುದು ದೊರೆಯುತ್ತದೆ ಎಂಬ ನಿಯಮಕ್ಕೆ ಇಂದಿಗೂ ಅವನ ಹೆಸರೇ ಇದೆ. 4 ಡಯಾಪ್ಟರ್ ಶಕ್ತಿಯ ಮಸೂರವನ್ನು ಚೌಕಟ್ಟಿನಲ್ಲಿ ಅರ್ಧ ಸೆಂಟಿಮೀಟರ್ ತಪ್ಪಾಗಿ ಕೂಡಿಸಿದರೆ ಒಂದು ಮೀಟರ್ ದೂರದಲ್ಲಿ ಬೆಳಕಿನ ಕಿರಣ 2 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಕನ್ನಡಕದ ಪವರ್ ಸರಿಯಾಗಿದ್ದರೂ ಧರಿಸಿದವರಿಗೆ ತಲೆನೋವು ಬರಬಹುದು. ಪ್ರವೇಶಕ್ಕೆ ಭೌತಶಾಸ್ತ್ರವನ್ನು ಕೇಳುವುದೇತಕ್ಕೆಂದು ಗೊಣಗುವವರು ಇದೊಂದನ್ನು ನೆನೆದರೆ ಸಾಕು.

ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವ ವಿಷಯಗಳು ಇವು: ಪ್ರಯೋಗಶಾಲೆಯ ಕೆಲಸವೂ ಸೇರಿದ ಒಂದೊಂದು ವರ್ಷದ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ, ಅವುಗಳ ಮೇಲೆ ಸಾವಯವ ರಸಾಯನ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಜೊತೆಗೆ ಕಲನಗಣಿತ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ, ಇಂಗ್ಲಿಷ್. ಕಡೆಯ ಎರಡನ್ನು ಕಲಾಪದವೀಧರರು ಹಲವೊಮ್ಮೆ ಆಗಲೇ ಮುಗಿಸಿರುತ್ತಾರೆ. ನಿಜವಾದ ತೊಡಕು ವಿಷಯಗಳ ಸಂಖ್ಯೆಯಲ್ಲಿಲ್ಲ, ಅವು ಒಂದರ ಹಿಂದೊಂದು ಬರಬೇಕಾದ ಕ್ರಮದಲ್ಲಿದೆ. ಸಾಮಾನ್ಯ ರಸಾಯನದ ಎರಡು ಸೆಮಿಸ್ಟರುಗಳು ಮುಗಿಯದೆ ಸಾವಯವ ರಸಾಯನಕ್ಕೆ ಪ್ರವೇಶವಿಲ್ಲ. ಅದು ಮುಗಿಯದೆ ಜೀವರಸಾಯನಕ್ಕೆ ಇಲ್ಲ. ಎಷ್ಟೇ ಬುದ್ಧಿವಂತರಾಗಿರಲಿ, ಎಷ್ಟೇ ಶ್ರಮಿಸಲು ಸಿದ್ಧರಿರಲಿ, ಈ ಮೂರನ್ನು ಒಟ್ಟಿಗೆ ಓದುವಂತಿಲ್ಲವಾದುದರಿಂದ, ಮಾಮೂಲು ಗತಿಯಲ್ಲಿ ರಸಾಯನಶಾಸ್ತ್ರವೊಂದಕ್ಕೇ ಹೆಚ್ಚುಕಡಮೆ ಎರಡು ವರ್ಷ ಹಿಡಿಯುತ್ತದೆ. ಉಳಿದುವೆಲ್ಲವನ್ನೂ ಆ ಎರಡು ವರ್ಷಗಳ ಅಕ್ಕಪಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ವಿಜ್ಞಾನವೆಂದರೆ ಹೆದರಿ, ಸುಲಭವೆನಿಸಿದ ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರಗಳಿಂದ ಆರಂಭಿಸಿ ರಸಾಯನವನ್ನು ಮುಂದಕ್ಕೆ ತಳ್ಳುವವರು ಒಂದು ವರ್ಷವನ್ನು ವ್ಯರ್ಥವಾಗಿ ಕಳೆದುಕೊಳ್ಳುತ್ತಾರೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಈ ವಿಷಯಗಳನ್ನು ಕಮ್ಯುನಿಟಿ ಕಾಲೇಜುಗಳಲ್ಲಿ ಕಡಮೆ ಶುಲ್ಕಕ್ಕೆ, ಸಂಜೆಯ ತರಗತಿಗಳಲ್ಲಿ ಓದುವ ಅನುಕೂಲ ಹಲವೆಡೆ ಉಂಟು. ಆದರೆ ಮೇಲಿನ ಹಂತದ ವಿಷಯಗಳನ್ನು ನಾಲ್ಕು ವರ್ಷದ ಕಾಲೇಜಿನಲ್ಲೇ ಓದಿರಬೇಕೆಂದು ಕೆಲವು ಶಾಲೆಗಳೂ, ಬಹಳ ಹಿಂದೆ ಓದಿದ್ದು ಲೆಕ್ಕಕ್ಕಿಲ್ಲವೆಂದು ಮತ್ತೆ ಕೆಲವೂ ಹೇಳುತ್ತವೆ. ಮೈಸೂರಿನಲ್ಲೋ ಧಾರವಾಡದಲ್ಲೋ ಪದವಿ ಪಡೆದು ಹೋದವರು ತಮ್ಮ ಅಂಕಪಟ್ಟಿಗಳನ್ನು ಅಲ್ಲಿನ ಮೌಲ್ಯಮಾಪನ ಸಂಸ್ಥೆಯಿಂದ ಪರಿಶೀಲನೆ ಮಾಡಿಸಿಕೊಳ್ಳಬೇಕಾಗುವುದು.

ಪ್ರವೇಶಪರೀಕ್ಷೆಯಾದ ಓಎಟಿಯಲ್ಲಿ ನಾಲ್ಕು ಭಾಗಗಳಿವೆ: ಪ್ರಕೃತಿ ವಿಜ್ಞಾನಗಳು, ವಾಚನಗ್ರಹಣ, ಭೌತಶಾಸ್ತ್ರ, ಗಣಿತ. ಮೊದಲನೆಯದರಲ್ಲಿ ಜೀವಶಾಸ್ತ್ರದ 40, ಸಾಮಾನ್ಯ ರಸಾಯನದ 30, ಸಾವಯವ ರಸಾಯನದ 30, ಅಂತೂ 100 ಪ್ರಶ್ನೆಗಳನ್ನು 90 ನಿಮಿಷಗಳಲ್ಲಿ ಬಿಡಿಸಬೇಕು. ಸಾವಯವ ರಸಾಯನವೂ ಭೌತಶಾಸ್ತ್ರವೂ ಮುಗಿಯುವ ಮುನ್ನ ಈ ಪರೀಕ್ಷೆಗೆ ಕೂರುವುದು ಸಲ್ಲದು. ಅರ್ಜಿಯನ್ನು ಆಪ್ಟಮ್‌ಕ್ಯಾಸ್ ಎಂಬ ಕೇಂದ್ರ ವ್ಯವಸ್ಥೆಯ ಮೂಲಕ ಹಲವು ಶಾಲೆಗಳಿಗೆ ಒಮ್ಮೆಗೇ ಕಳುಹಬಹುದು. ಅನೇಕ ಶಾಲೆಗಳು ಅರ್ಜಿಗಳು ಬಂದ ಹಾಗೆಲ್ಲ ಸ್ಥಾನಗಳನ್ನು ತುಂಬುತ್ತ ಹೋಗುವುದರಿಂದ ಬೇಗನೆ ಕಳುಹಿದವರಿಗೆ ಅನುಕೂಲ ಹೆಚ್ಚು. ಒಂದೆರಡು ವಿಷಯಗಳು ಇನ್ನೂ ನಡೆಯುತ್ತಿರುವಾಗಲೇ ಅರ್ಜಿ ಹಾಕುವುದಕ್ಕೂ ಸಾಮಾನ್ಯವಾಗಿ ಅವಕಾಶವಿದೆ.

ಆಪ್ಟೋಮೆಟ್ರಿಸ್ಟರೊಬ್ಬರ ಬಳಿ ಕುಳಿತು ಅವರ ಕೆಲಸವನ್ನು ನೋಡಿರಬೇಕೆಂಬ ನಿರೀಕ್ಷೆಯೂ ಶಾಲೆಗಳಿಗುಂಟು. ಇದನ್ನು ನಾಮಮಾತ್ರಕ್ಕೆ ಮುಗಿಸಬಾರದು. ಕತ್ತಲೆಯ ಕೋಣೆಯಲ್ಲಿ ವೃದ್ಧರೊಬ್ಬರು ಯಂತ್ರದ ಹಿಂದೆ ಕಣ್ಣಿಟ್ಟು ಕುಳಿತಿದ್ದಾರೆ. ಮಸೂರಗಳನ್ನು ತಿರುಗಿಸುತ್ತ, ಮೊದಲನೆಯದು ಚೆನ್ನಾಗಿ ಕಾಣುವುದೋ ಎರಡನೆಯದೋ ಎಂದು ಪರೀಕ್ಷಕರು ಕೇಳುತ್ತಾರೆ. ವೃದ್ಧರು ತಡವರಿಸಿ, ಎರಡೂ ಒಂದೇ ಎಂದುಬಿಟ್ಟು, ತಪ್ಪು ಹೇಳಿದೆನೇನೋ ಎಂದು ಕಳವಳಪಡುತ್ತಾರೆ. ಎರಡೂ ಒಂದೇ ಎಂಬುದು ಎಷ್ಟೋ ಸಲ ಸರಿಯಾದ ಮಸೂರದ ಸಮೀಪಕ್ಕೆ ಬಂದುದರ ಸೂಚನೆಯೆಂದು ಅರಿತ ಪರೀಕ್ಷಕರು ಅವರಿಗೆ ಧೈರ್ಯ ಹೇಳಿ, ಪ್ರಶ್ನೆಯನ್ನೇ ಬೇರೆ ಬಗೆಯಲ್ಲಿ ಕೇಳುತ್ತಾರೆ. ಮನುಷ್ಯರ ಮಾತನ್ನೂ ಅಳುಕನ್ನೂ ವರ್ಷಗಟ್ಟಲೆ ಗಮನಿಸಿ ಓದಿದವರಿಗೆ ಈ ಕೋಣೆಯಲ್ಲಿ ಸ್ಥಾನವಿದೆ. ಅರ್ಜಿಯ ಪ್ರಬಂಧದಲ್ಲಿ ತಮ್ಮ ಹಿಂದಿನ ಪದವಿಯನ್ನು ಅವರು ಮರೆಮಾಚಬೇಕಾಗಿಲ್ಲ, ಕ್ಷಮೆಯಂತೂ ಕೇಳಲೇಬೇಕಾಗಿಲ್ಲ.

ಶಾಲೆ ಸೇರಿದ ಮೇಲೆ ನಾಲ್ಕು ವರ್ಷಗಳ ಅಭ್ಯಾಸ, ಮೂರು ಭಾಗಗಳ ರಾಷ್ಟ್ರೀಯ ಮಂಡಲಿಯ ಪರೀಕ್ಷೆ, ಅನಂತರ ಆಯಾ ರಾಜ್ಯದ ಪರವಾನಗಿ. ಪೂರ್ವಸಿದ್ಧತೆಯನ್ನೂ ಸೇರಿಸಿದರೆ ಆರು ವರ್ಷಗಳಿಗೆ ಕಡಮೆಯಾಗದ ಈ ದಾರಿಗೆ ಹಣವೂ ಮನೆಯವರ ಸಹಕಾರವೂ ಬೇಕು. ಮನಸ್ಸು ನಿಶ್ಚಯವಾಗಿದ್ದವರು ಮೊದಲು ತಾವು ಬಯಸುವ ಶಾಲೆಗಳ ಪಟ್ಟಿಗಳನ್ನು ತರಿಸಿ ಹೋಲಿಸಿ ನೋಡಲಿ. ಸಂದೇಹವಿದ್ದಲ್ಲಿ ಪ್ರವೇಶಾಧಿಕಾರಿಗಳಿಗೆ ಬರೆದು ಲಿಖಿತ ಉತ್ತರವನ್ನೇ ಪಡೆಯಲಿ. ಬರುವ ಸೆಮಿಸ್ಟರಿಗೆ ಸಾಮಾನ್ಯ ರಸಾಯನಶಾಸ್ತ್ರದ ತರಗತಿಯಲ್ಲಿ ಹೆಸರನ್ನು ನೋಂದಾಯಿಸಲಿ.