ಜರ್ಮನಿಯಲ್ಲಿ ಡಿಗ್ರಿ: ಫೀಸ್ ಇಲ್ಲ, ಖರ್ಚು ಇದೆ

"ಭಾಯ್, ಅಲ್ಲಿ ಓದು ಫ್ರೀ ಅಂತೆ, ಹೌದಾ?" ಪಿಯುಸಿ ಫಲಿತಾಂಶ ಬಂದ ವಾರದಿಂದ ಕಿರಿಯರು ವಾಟ್ಸ್ಆಪ್‌ನಲ್ಲಿ ನನ್ನನ್ನು ಕೇಳುವ ಪ್ರಶ್ನೆ ಇದೊಂದೇ. ನಾನು ಎರಡು ವರ್ಷಗಳ ಹಿಂದೆ ನಮ್ಮ ಕಾಲೇಜಿನಲ್ಲಿ ಪಿಸಿಎಂಸಿ ಮುಗಿಸಿದವನು. ಈಗ ಪೂರ್ವ ಜರ್ಮನಿಯ ಕೋಥೆನ್ ಎಂಬ ಸಣ್ಣ ಪಟ್ಟಣದಲ್ಲಿದ್ದೇನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹೌದು, ಇಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರ್‌ಗೆ ಒಂದು ಸಣ್ಣ ಮೊತ್ತ ಕಟ್ಟಬೇಕು, ಅಷ್ಟೆ. ಎಲ್ಲ ಕಡೆಯೂ ಹೀಗೆ ಎಂದುಕೊಳ್ಳಬೇಡಿ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಕೊನೆಯಿಂದ ಹೊರದೇಶದ ಹೊಸ ವಿದ್ಯಾರ್ಥಿಗಳಿಂದ ಶುಲ್ಕ ತೆಗೆದುಕೊಳ್ಳುತ್ತಿದೆ.

ಆದರೆ ಶುಲ್ಕಕ್ಕಿಂತ ಮೊದಲೇ ಒಂದು ತಡೆ ಇದೆ. ಇಲ್ಲಿನ ಮಕ್ಕಳು ಶಾಲೆಯ ಕೊನೆಗೆ ಬರೆಯುವ ಅಬಿಟೂರ್ ಪರೀಕ್ಷೆಗೆ ನಮ್ಮ ಪಿಯುಸಿ ಸಮ ಎಂದು ಇವರು ಒಪ್ಪುವುದಿಲ್ಲ. ನೀವು ಶೇ. 98 ತೆಗೆದರೂ ಅಷ್ಟರಿಂದಲೇ ಡಿಗ್ರಿಯ ಮೊದಲ ಸೆಮಿಸ್ಟರ್‌ಗೆ ಸೇರಲಾಗದು. ಒಳಗೆ ಹೋಗಲು ಮುಖ್ಯವಾಗಿ ಮೂರು ದಾರಿಗಳಿವೆ. ಜೆಇಇ ಅಡ್ವಾನ್ಸ್‌ಡ್ ಪಾಸಾದವರು ತಾಂತ್ರಿಕ ಮತ್ತು ವಿಜ್ಞಾನ ವಿಷಯಗಳಿಗೆ ನೇರವಾಗಿ ಅರ್ಜಿ ಹಾಕಬಹುದು; ಮೇನ್ಸ್ ಮಾತ್ರ ಆದರೆ ಸಾಲದು. ಊರಲ್ಲೇ ಮಾನ್ಯತೆ ಇರುವ ಕಾಲೇಜಿನಲ್ಲಿ ಡಿಗ್ರಿಯ ಮೊದಲ ವರ್ಷ ಪಾಸು ಮಾಡಿದವರು ಅದೇ ವಿಷಯಕ್ಕೆ ಬರಬಹುದು. ಬಿ.ಇ. ಒಂದು ವರ್ಷ ಓದಿದವರಿಗೆ ಇಂಜಿನಿಯರಿಂಗ್ ಸಿಗುತ್ತದೆ, ಬಿ.ಕಾಂ. ಓದಿ ಬಂದು ಮೆಕ್ಯಾನಿಕಲ್ ಕೇಳುವಂತಿಲ್ಲ. ಮೂರನೆಯದು ನಾನು ಹಿಡಿದ ದಾರಿ, ಸ್ಟೂಡಿಯನ್‌ಕೊಲೆಗ್.

ಇದು ವಿದೇಶಿ ವಿದ್ಯಾರ್ಥಿಗಳಿಗಾಗಿಯೇ ಇರುವ ಒಂದು ವರ್ಷದ ತಯಾರಿ ತರಗತಿ. ಇಂಜಿನಿಯರಿಂಗ್ ಕಡೆಗೆ ಹೋಗುವವರಿಗೆ ಟಿ ಕೋರ್ಸ್, ವೈದ್ಯಕೀಯ ಮತ್ತು ಜೀವಶಾಸ್ತ್ರಕ್ಕೆ ಎಂ, ವಾಣಿಜ್ಯ-ಅರ್ಥಶಾಸ್ತ್ರಕ್ಕೆ ಡಬ್ಲ್ಯು. ಸೇರುವುದಕ್ಕೇ ಪ್ರವೇಶ ಪರೀಕ್ಷೆ ಇದೆ. ಜರ್ಮನ್ ಭಾಷೆಯದು ಎಲ್ಲರಿಗೂ, ನಮಗೆ ಗಣಿತವೂ ಇತ್ತು. ಗಣಿತ ನಮ್ಮ ಪಿಯುಸಿಗೆ ಹೋಲಿಸಿದರೆ ಸುಲಭ, ಅಲ್ಲಿ ನಮ್ಮ ಕಾಲೇಜಿನ ಸರ್‌ಗಳ ಹೋಮ್‌ವರ್ಕ್ ನೆನಪಾಗಿ ನಗು ಬಂತು. ತರಗತಿಯಲ್ಲಿ ಆ ನಗು ನಿಂತಿತು. ಭೌತಶಾಸ್ತ್ರದ ಲೆಕ್ಕ ಗೊತ್ತು, ಅದನ್ನು ಜರ್ಮನ್‌ನಲ್ಲಿ ವಿವರಿಸುವುದು ಗೊತ್ತಿಲ್ಲ. "ವೇಗೋತ್ಕರ್ಷ" ಎಂಬ ಪದವನ್ನು ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದಲ್ಲಿ ಕಲಿತು ಪಿಯುಸಿಯಲ್ಲಿ "ಆಕ್ಸಿಲರೇಶನ್" ಮಾಡಿಕೊಂಡವನು ನಾನು. ಇಲ್ಲಿ ಮೂರನೇ ಬಾರಿ ಹೊಸ ಹೆಸರಿನಿಂದ ಕಲಿತೆ. ಕನ್ನಡ ಮಾಧ್ಯಮದವರು ಇದಕ್ಕೆ ಹೆದರಬೇಕಿಲ್ಲ, ಈ ಕಷ್ಟ ಒಮ್ಮೆ ಪಟ್ಟವರೇ ನೀವು. ಇಲ್ಲಿ ಅಂಕ ತಲೆಕೆಳಗು: 1 ಅತ್ಯುತ್ತಮ, 4 ಬಂದರೆ ಕಷ್ಟಪಟ್ಟು ಪಾಸು. "ಭೌತಶಾಸ್ತ್ರದಲ್ಲಿ ಎರಡು ಬಂತು" ಎಂದಾಗ ಅಮ್ಮಿ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ವರ್ಷದ ಕೊನೆಯ ಪರೀಕ್ಷೆಯನ್ನು ಫೇಲಾದವರು ಮತ್ತೊಮ್ಮೆ ಬರೆಯಬಹುದು. ಆಗಲೂ ಆಗದಿದ್ದರೆ ಆ ದಾರಿ ಮುಚ್ಚಿದಂತೆಯೇ. ನಾನು ಪಾಸಾಗಿದ್ದೇನೆ, ಅಕ್ಟೋಬರ್‌ನಿಂದ ಡಿಗ್ರಿ ಶುರು.

ಈಗ ಹಣದ ವಿಷಯ. ವೀಸಾ ಕೇಳುವ ಮೊದಲು ಒಂದು ವರ್ಷದ ಜೀವನ ಖರ್ಚು 11,904 ಯೂರೋ, ಅಂದರೆ ಹೆಚ್ಚುಕಡಿಮೆ 12 ಲಕ್ಷ ರೂಪಾಯಿ, ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟು ತೋರಿಸಬೇಕು. ಈ ಹೆಸರು ಕೇಳಿ ಮನೆಯವರು ಗಾಬರಿಯಾಗುತ್ತಾರೆ. ಅದು ಯಾರಿಗೋ ಕಟ್ಟುವ ಹಣವಲ್ಲ, ನಿಮ್ಮದೇ ಹಣ. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋ ನಿಮ್ಮ ಕೈಗೆ ಬರುತ್ತದೆ. ಬಾಡಿಗೆ, ಊಟ, ತಿಂಗಳಿಗೆ 120 ಯೂರೋ ಮೀರುವ ಆರೋಗ್ಯ ವಿಮೆ ಎಲ್ಲವೂ ಅದರಲ್ಲೇ. ನಮ್ಮ ಮನೆಯಲ್ಲಿ ಬಡ್ಡಿಯ ಸಾಲ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು. ಅಬ್ಬಾ ಒಂದು ಸೈಟ್ ಮಾರಿದರು, ಕಡಿಮೆ ಬಿದ್ದದ್ದನ್ನು ಮಾಮೂ ಕೈಗಡ ಕೊಟ್ಟರು. ಎರಡನೇ ವರ್ಷದ ಹಣವೂ ಬೇಕೆಂಬುದನ್ನು ಮನೆಯಲ್ಲಿ ಮೊದಲೇ ಕೂತು ಮಾತಾಡಿ. ಕೆಲಸ ಮಾಡಬಹುದು: ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನಕ್ಕೆ ಅನುಮತಿ ಇದೆ, 2025ರಲ್ಲಿ ಗಂಟೆಗೆ ಕನಿಷ್ಠ ಕೂಲಿ 12.82 ಯೂರೋ. ಆದರೆ ಮೊದಲ ವರ್ಷ ಭಾಷೆಯೇ ಸಮಯವನ್ನೆಲ್ಲ ತಿನ್ನುತ್ತದೆ. ಊರಿಗೆ ಹಣ ಕಳಿಸುವ ಲೆಕ್ಕ ಹಾಕಿಕೊಂಡು ಬರಬೇಡಿ.

ಹೆಚ್ಚಿನವರು ಸೋಲುವುದು ಕ್ಯಾಲೆಂಡರ್‌ಗೆ. ನಮ್ಮ ಫಲಿತಾಂಶ ಏಪ್ರಿಲ್‌ನಲ್ಲಿ. ಚಳಿಗಾಲದ ಸೆಮಿಸ್ಟರ್‌ಗೆ ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಜುಲೈ 15. ಅಷ್ಟರೊಳಗೆ ಜರ್ಮನ್ ಕನಿಷ್ಠ ಬಿ1, ಎಷ್ಟೋ ಕಡೆ ಬಿ2 ಮಟ್ಟ ಇರಬೇಕು. ಜೊತೆಗೆ ಎಪಿಎಸ್ ಎಂಬ ಸರ್ಟಿಫಿಕೇಟ್. ನಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ಪರಿಶೀಲಿಸಿ ಕೊಡುವ ಇದು 2022ರ ನವೆಂಬರ್‌ನಿಂದ ಭಾರತೀಯರಿಗೆ ಕಡ್ಡಾಯ. ನಾನು 18,000 ರೂಪಾಯಿ ಕಟ್ಟಿದ್ದೆ. ಮೂರು ತಿಂಗಳಲ್ಲಿ ಇದೆಲ್ಲ ಆಗದು. ನಾನು ಒಂದು ವರ್ಷ ಮನೆಯಲ್ಲಿದ್ದು ಆನ್‌ಲೈನ್‌ನಲ್ಲಿ ಜರ್ಮನ್ ಕಲಿತೆ, ಪರೀಕ್ಷೆಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋದೆ. ನನ್ನನ್ನು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರಿಗೆ ಎರಡನೆಯ ದಾರಿಯೇ ಒಳ್ಳೆಯದು. ಊರಲ್ಲೇ ಡಿಗ್ರಿಗೆ ಸೇರಿ, ಸಂಜೆ ಜರ್ಮನ್ ಕಲಿಯಿರಿ. ಡಿಗ್ರಿಗೆ ನೇರ ಪ್ರವೇಶಕ್ಕೆ ಭಾಷೆ ಸಾಮಾನ್ಯವಾಗಿ ಸಿ1 ಮಟ್ಟಕ್ಕೆ ಏರಬೇಕು, ಅದಕ್ಕೆ ಇನ್ನಷ್ಟು ಕಾಲ ಹಿಡಿಯುತ್ತದೆ ನಿಜ. ಆದರೆ ಮನಸ್ಸು ಬದಲಾದರೆ, ಮನೆಯಲ್ಲಿ ಹಣ ಹೊಂದದಿದ್ದರೆ, ಓದು ನಿಲ್ಲುವುದಿಲ್ಲ.

"ಇಂಗ್ಲಿಷ್‌ನಲ್ಲೇ ಓದಬಹುದು, ನೇರ ಪ್ರವೇಶ" ಎನ್ನುವ ಏಜೆಂಟರು ಸಿಗುತ್ತಾರೆ. ಒಬ್ಬರು ನಮ್ಮ ಅಬ್ಬಾನ ಹತ್ತಿರ ಮೂರು ಲಕ್ಷ ಕೇಳಿದ್ದರು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಮಾಧ್ಯಮ ಹೆಚ್ಚಾಗಿ ಮಾಸ್ಟರ್ಸ್‌ಗೆ, ಡಿಗ್ರಿಗೆ ಬಹಳ ಕಡಿಮೆ. ಹೀಗಾಗಿ ಅವರು ತೋರಿಸುವುದು ಬಹುಮಟ್ಟಿಗೆ ದೊಡ್ಡ ಶುಲ್ಕದ ಖಾಸಗಿ ಸಂಸ್ಥೆಗಳನ್ನೇ. ಅರ್ಜಿಯನ್ನು ಯೂನಿ-ಅಸಿಸ್ಟ್ ಮೂಲಕ ನೀವೇ ಹಾಕಬಹುದು; ಮೊದಲನೆಯದಕ್ಕೆ 75 ಯೂರೋ, ನಂತರದ ಪ್ರತಿಯೊಂದಕ್ಕೂ 30.

ಈ ವಾರವೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರನ್ನೂ ಮುಂದಿಟ್ಟುಕೊಂಡು ನಿಮ್ಮ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ. ಒಂದರಲ್ಲಿ "ಮೊಹಮ್ಮದ್", ಇನ್ನೊಂದರಲ್ಲಿ "ಮುಹಮ್ಮದ್", ಮತ್ತೊಂದರಲ್ಲಿ ಬರೀ "ಎಂಡಿ" ಇರುವವರು, ತಂದೆಯ ಹೆಸರು ಒಂದು ಕಡೆ ಸೇರಿ ಇನ್ನೊಂದು ಕಡೆ ಇಲ್ಲದ ಹೆಣ್ಣುಮಕ್ಕಳು ನಮ್ಮ ತರಗತಿಯಲ್ಲೇ ಎಷ್ಟೋ ಜನ ಇದ್ದರು. ಎಪಿಎಸ್‌ಗೂ ವೀಸಾಕ್ಕೂ ಇದು ತಕರಾರಿಗೆ ಎಡೆಮಾಡುತ್ತದೆ. ಅಂಕಪಟ್ಟಿಯ ತಿದ್ದುಪಡಿ ನೀವು ಓದಿದ ಹೈಸ್ಕೂಲಿನ ಮೂಲಕ ಪರೀಕ್ಷಾ ಮಂಡಳಿಗೆ ಹೋಗಿ ಬರಬೇಕು, ಬೇಗ ಆಗುವ ಕೆಲಸವಲ್ಲ. ಹೆಸರು ಹೊಂದದಿದ್ದರೆ ಮುಖ್ಯೋಪಾಧ್ಯಾಯರನ್ನು ಈಗಲೇ ಹೋಗಿ ಕಾಣಿ.